ಅಜ್ಜಿ ಬದುಕಿರುವಾಗಲೇ ಅತ್ತದ್ದು

ನಮ್ಮ ಕಡೆ ಹೆಂಗಸರು ಸತ್ತವರಿಗೆ ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಹೋದವರ ಗುಣಗಳನ್ನು ಎತ್ತಿ ಹೇಳಿ, ಪ್ರತಿ ಮಾತಿನ ಕೊನೆಗೂ ಎಲ್ಲಿ ಹೋದೆ ಎಂದು ಕೇಳುತ್ತಾರೆ. ಹರಪನಹಳ್ಳಿಯಲ್ಲಿ ನಾಟಕ ತಂಡವೊಂದು ಹೊಸಬರಿಗಾಗಿ ಆಡಿಷನ್ ಇಟ್ಟಿದೆ, ಅವರವರ ಊರಿನ ಮಾತಿನಲ್ಲೇ ಏನಾದರೂ ಮಾಡಿ ತೋರಿಸಬೇಕು ಎಂದು ತಿಳಿದಾಗ ನನಗೆ ಹೊಳೆದದ್ದು ಇದೇ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೊಟ್ಟೂರಿನ ಗಂಡಿನ ಕಡೆಯವರು ಆಗಲೇ ಫೋನು ಮಾಡತೊಡಗಿದ್ದರು. ಈ ಸಲ ಆಯ್ಕೆಯಾಗದಿದ್ದರೆ ನನ್ನ ನಾಟಕ ಅಲ್ಲಿಗೇ ಮುಗಿಯುತ್ತಿತ್ತು.

ಕಷ್ಟವೆಂದರೆ ಅಭ್ಯಾಸಕ್ಕೆ ಜಾಗವಿರಲಿಲ್ಲ. ಯಾರೂ ಸಾಯದೆ ಹಾಡಿ ಅಳುವುದು ಅಪಶಕುನ. ಅದರಲ್ಲೂ ಸಂಜೆ ದೇವರ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಕೂಸು ಅತ್ತರೂ ಅವ್ವ ಅದನ್ನು ಹೊರಗೆ ಎತ್ತಿಕೊಂಡು ಹೋಗುವವಳು. ಹಾಗಾಗಿ ನಾನು ಹಿರೇಹಡಗಲಿ ದಾರಿಯಲ್ಲಿರುವ ನಮ್ಮ ಹೊಲಕ್ಕೆ ಹೋದೆ. ಜಾಲಿ ಮರದ ಕೆಳಗೆ ಕೂತು, ದುಪಟ್ಟಾ ಬಾಯಿಗೆ ಹಿಡಿದು, "ನಮ್ಮಪ್ಪನ ಹಡದಾಕಿ, ಎಲ್ಲಿ ಹೋದೆವ್ವಾ" ಎಂದು ಶುರು ಮಾಡಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಆದರೆ ಧ್ವನಿ ಚೆನ್ನಾಗಿ ಏರಿತು, ಸ್ವಲ್ಪ ಜಂಬವೂ ಆಯಿತು.

ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಓಡಿ ಬಂದರು. ಅಳುವವಳನ್ನು ಏನಾಯಿತೆಂದು ಮೊದಲೇ ಕೇಳುವುದು ನಮ್ಮಲ್ಲಿ ರೂಢಿಯಲ್ಲ. ಕೊರಳಿಗೆ ಬಿದ್ದು ಜೊತೆಗೆ ಅಳಬೇಕು, ವಿಚಾರಣೆ ಆಮೇಲೆ. ಅವರು ಅತ್ತ ರಭಸಕ್ಕೆ ಇದು ನಾಟಕ ಎಂದು ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ನನ್ನನ್ನು ನಡುವೆ ಹಿಡಿದುಕೊಂಡು ದಾರಿಯುದ್ದಕ್ಕೂ ಅಜ್ಜಿಯ ಗುಣ ಹಾಡುತ್ತ ಮನೆಗೆ ಬಂದರೆ, ಅಜ್ಜಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಅವ್ವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಂಗಸರು ಬೈದುಕೊಂಡೇ ಚಹಾ ಕುಡಿದು ಹೋದರು. ಅವ್ವ ಅಜ್ಜಿಗೆ ದೃಷ್ಟಿ ತೆಗೆದು, ಹರಪನಹಳ್ಳಿಯೂ ಬೇಡ, ಏನೂ ಬೇಡ ಎಂದು ನನಗೆ ಖಡಾಖಂಡಿತ ಹೇಳಿಬಿಟ್ಟಳು. ನಾನು ಮೂಲೆ ಹಿಡಿದು ಕೂತೆ.

ಹೊತ್ತು ಇಳಿಯುವಾಗ ಅಜ್ಜಿ ಪಡಸಾಲೆಗೆ ಬಂದು ನನ್ನ ಎದುರು ಕಾಲು ಚಾಚಿ ಕೂತಳು. ಎಲ್ಲರೂ ಕೇಳಿದ್ದನ್ನು ತಾನೊಬ್ಬಳೇ ಕೇಳಿಲ್ಲವೆಂಬುದು ಅವಳ ತಕರಾರು. ಅವ್ವನ ಮುಖ ನೋಡುತ್ತ ನಾನು ಮೆಲ್ಲಗೆ ಹಾಡಿದೆ. ಬಂಗಾರದಂಥಾಕಿ, ದೇವರಂಥಾಕಿ ಎಂದೆಲ್ಲ ಹೊಗಳಿದೆ. ಅಜ್ಜಿಗೆ ರುಚಿಸಲಿಲ್ಲ.

"ಇದು ಯಾವ ಮುದುಕಿಗಾದ್ರೂ ಆಕೈತಿ. ನನಗ ಅಳು, ಲೇ. ನಾ ಮಾಡಿದ್ದು ಹೇಳು."

ನಾನೇನು ಬಿಡುವವಳೇ? "ಬೆಣ್ಣಿ ಕದ್ದು ತಿಂದು ಬೆಕ್ಕಿಗೆ ಬೈದಾಕಿ, ಎಲ್ಲಿ ಹೋದೆವ್ವಾ" ಎಂದೆ. ಅಜ್ಜಿ ಕುಲುಕುಲು ನಕ್ಕಳು. ಚಿಕ್ಕವಳಿದ್ದಾಗ ಕುರಿ ಕಾಯಲೆಂದು ಹಟ್ಟಿಯಲ್ಲಿ ಅವಳ ಪಕ್ಕ ಮಲಗುತ್ತಿದ್ದ ಚಳಿಗಾಲ ನೆನಪಾಯಿತು. "ಇದ್ದೊಂದು ಕಂಬಳಿ ನನಗ ಹೊಚ್ಚಿ, ನನಗ ಚಳಿನ ಇಲ್ಲ ಅಂದಾಕಿ" ಎನ್ನುವಾಗ ಎದುರಿಗಿದ್ದ ಅವಳ ಬತ್ತಿದ ಕಾಲುಗಳು ಕಂಡವು. ಎಲ್ಲಿ ಹೋದೆ ಎಂದು ಕೇಳುವ ಬದಲು ಆ ಕಾಲುಗಳನ್ನು ಹಿಡಿದುಕೊಂಡೆ. ಇವಳು ಒಂದು ದಿನ ನಿಜವಾಗಿ ಇರುವುದಿಲ್ಲ ಎಂದು ನನಗೆ ಮೊದಲ ಸಲ ಗೊತ್ತಾದದ್ದು ಆಗ. ಬಿಕ್ಕಿ ಬಿಕ್ಕಿ ಅತ್ತೆ.

ಅಷ್ಟರಲ್ಲಿ ಕತ್ತಲಾಗಿತ್ತು. ಅಕ್ಕಪಕ್ಕದ ಮನೆಗಳಲ್ಲಿ ದೀಪ ಹತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಅವ್ವ ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತ ನಿಂತಿದ್ದಳು. ಒಂದು ಬತ್ತಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ನನ್ನ ಅಳು ಪೂರ್ತಿ ನಿಂತು, ನಾನು ಮುಖ ತೊಳೆದುಕೊಂಡು ಬಂದ ಮೇಲೇ ಅವಳು ಕಡ್ಡಿ ಗೀರಿದಳು. ಬೆಳಗಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.

ಮರುದಿನ ಹರಪನಹಳ್ಳಿಯಲ್ಲಿ ಆಡಿಷನ್ ಮುಗಿದು, ಆಯ್ಕೆಯಾದವರ ಹೆಸರು ಕೂಗುವಾಗ ಸಂಜೆಯಾಯಿತು. ಬಸ್ ಸ್ಟ್ಯಾಂಡಿನಿಂದ ಮನೆಗೆ ಫೋನು ಮಾಡಿದರೆ ಎತ್ತಿದವಳು ಅಜ್ಜಿ. ನನ್ನ ಸುದ್ದಿ ಕೇಳಲೇ ಇಲ್ಲ.

"ಅವರು ಅತ್ತರೇನು?"

"ಒಬ್ರು ಕಣ್ಣು ಒರಸ್ಕೊಂಡ್ರು. ಕಂಬಳಿ ಮಾತಿಗೆ."

"ಬೆಣ್ಣಿ ಮಾತಿಗೆ ನಕ್ಕರೋ ಇಲ್ಲೋ?"

"ನಕ್ಕರು."

"ಹಂಗಾರ ನಾ ಪಾಸಾದೆ. ಇನ್ನ ನಿಂದು ಹೇಳು."

ನಾನೂ ಪಾಸು ಎನ್ನಬೇಕು, ದನಿ ಒಡೆಯಿತು. ಅಷ್ಟು ಜನರ ನಡುವೆ ನಿಂತು ಮತ್ತೆ ಅಳತೊಡಗಿದೆ. ಅವ್ವ ಫೋನು ಇಸಿದುಕೊಂಡಳು. ಅವಳಿಗೆ ಅರ್ಥವಾಗಿರಬೇಕು.

"ದೀಪ ಹಚ್ಚೀನಿ," ಎಂದಳು, "ಅಳಬ್ಯಾಡ."