ಹನಿಯಕ್ಕನ ಟವೆಲ್ಲಿನಲ್ಲಿ ಕೋಳಿ ಕೊಸರಾಡುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈಲರ್ ಮನೆಯ ಹಿತ್ತಿಲಲ್ಲಿ ಹನಿಯಕ್ಕ ಸ್ಟೂಲಿನ ಮೇಲೆ ಕೂತು ಹಳೇ ಟವೆಲ್ ಬಿಚ್ಚುತ್ತಾರೆ. ಕಾಯಿಲೆ ಬಿದ್ದ ಕಂದು ಕೋಳಿಯ ರೆಕ್ಕೆಗಳನ್ನು ಮೆಲ್ಲಗೆ ಮೈಗೆ ಸೇರಿಸಿ ಸುತ್ತಿ, ಕತ್ತು ಮಾತ್ರ ಹೊರಗಿಟ್ಟು ಮಡಿಲಲ್ಲಿ ನೆಟ್ಟಗೆ ಕೂರಿಸುತ್ತಾರೆ. ಕೋಳಿ ಒಮ್ಮೆ ಕೊಸರಿ ಸುಮ್ಮನಾಗುತ್ತದೆ. ಎದುರಿಗೆ ನಿಂತ ಟೈಲರ್ ಮಾತ್ರ ಬೆವರುತ್ತಿದ್ದಾರೆ.

ಬೆವರದೆ ಏನು ಮಾಡಿಯಾರು? ನಿನ್ನೆ ಅವರು ಮಗುವಿಗೆ ಕುಡಿಸುವ ಹಾಗೆ ಕೋಳಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಕೊಕ್ಕು ಬಿಡಿಸಿ, ಚಮಚದ ಔಷಧಿಯನ್ನು ಒಂದೇ ಸಲಕ್ಕೆ ಸುರಿದಿದ್ದರು. ಗಂಟಲಲ್ಲಿ ಗೊರಗೊರ ಸದ್ದಾಗಿ ಕೋಳಿ ಕಣ್ಣು ತೇಲಿಸಿತು. ಬದುಕಿದ್ದೇ ಪುಣ್ಯ. ಅದು ಹೆಂಡತಿ ಅಂಗೈಯಲ್ಲಿ ಕಾಳಿಟ್ಟು ಸಾಕಿದ ಕೋಳಿ. ಆಕೆ ಆಗಿನಿಂದ ಗಂಡನ ಜೊತೆ ಮಾತು ಬಿಟ್ಟಿದ್ದಾರೆ. ಔಷಧಿ ತಪ್ಪಿದರೆ ಕೋಳಿ ಉಳಿಯುವುದಿಲ್ಲ, ಇನ್ನೊಮ್ಮೆ ಉಸಿರಿನ ದಾರಿಗೆ ಇಳಿದರೂ ಉಳಿಯುವುದಿಲ್ಲ ಎಂದು ಪಶುವೈದ್ಯರು ಹೇಳಿದ್ದಾರೆ. ಹೆಂಡತಿ ಬೇಕರಿ ಕೆಲಸಕ್ಕೆ ಹೊರಟರೆ ಔಷಧಿ ಕೊಡಬೇಕಾದವರು ಮತ್ತೆ ಇದೇ ಮಹಾನುಭಾವರು.

ಹನಿಯಕ್ಕನದು ಪಶು ಆಸ್ಪತ್ರೆಯಲ್ಲಿ ಬೋನು ತೊಳೆಯುವ ಕೆಲಸ. ಅಲ್ಲೇ ನೋಡಿ ನೋಡಿ, ವೈದ್ಯರನ್ನು ಕೇಳಿ ತಿದ್ದಿಕೊಂಡು ಕೋಳಿಗೆ ಔಷಧಿ ಕುಡಿಸುವುದನ್ನು ಕಲಿತರು. ಡ್ಯೂಟಿಗೆ ಮುಂಚೆ ದಿನಾ ನಾಲ್ಕೈದು ಮನೆ ಸುತ್ತುತ್ತಾರೆ. ಮುಂಗೈ ತುಂಬ ಉಗುರಿನ ಗೀರುಗಳು. ಸೊಸೆ ಕೋಳಿಗೆ ಔಷಧಿ ಕುಡಿಸಲು ಹೋಗುತ್ತಾಳೆಂದು ನೆಂಟರ ಮುಂದೆ ಹೇಗೆ ಹೇಳಲಿ ಎಂದು ಮೊದಲು ಅತ್ತೆ ಗೊಣಗಿದ್ದುಂಟು. ಈಗ ಫೋನ್ ಬಂದರೆ ಅತ್ತೆಯೇ ಎತ್ತಿಕೊಂಡು, ಕೋಳಿ ಮೇವು ತಿಂದಿತೇ, ನೀರು ಕುಡಿಯಿತೇ ಎಂದು ದೊಡ್ಡ ಡಾಕ್ಟರ್ ಗತ್ತಿನಲ್ಲಿ ವಿಚಾರಿಸುತ್ತಾರೆ.

ಹನಿಯಕ್ಕನ ಪದ್ಧತಿಯೇ ಬೇರೆ. ಮೊದಲು ನೀರು ಕುಡಿಯಬೇಕಾದವರು ಕೋಳಿಯಲ್ಲ, ಮನೆಯವರು. ಮುಖ ಮೇಲೆತ್ತಿ ಒಂದು ಗುಟುಕು ನುಂಗಲು ಟೈಲರಿಗೆ ಹೇಳುತ್ತಾರೆ. ಅವರು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ.

“ಅದಕ್ಕೂ ಹೀಗೇ ಆಗಿದ್ದು ಯಜಮಾನ್ರೇ. ಕತ್ತು ಹಿಂದಕ್ಕೆ ಬಗ್ಗಿಸ್ಬೇಡಿ. ನಾಲಗೆ ಹಿಂದೆ ಕಾಣೋ ತೂತು ಉಸಿರಿಂದು. ಕೊಕ್ಕಿನ ಅಂಚಿಗೆ ಒಂದೇ ಹನಿ ಬಿಡಿ, ಅದೇ ನುಂಗ್ಲಿ. ಆಮೇಲೆ ಇನ್ನೊಂದು.”

ಸೂಜಿ ತೆಗೆದು ಔಷಧಿ ತುಂಬಿದ ಸಿರಿಂಜನ್ನು ಅವರ ಕೈಗೇ ಕೊಡುತ್ತಾರೆ. ಇದು ನನ್ನ ಕೈಲಾಗದು ಎಂದು ಟೈಲರ್ ಹಿಂದೆ ಸರಿದರೆ ಬಿಡುವವರೇ ಅಲ್ಲ. “ದಿನಾ ಸೂಜಿಗೆ ದಾರ ಪೋಣಿಸೋ ಕೈ ಅಲ್ವಾ ಇದು?”

ಹನಿ ಕೊಕ್ಕಿನ ಅಂಚಿನಲ್ಲಿ ನಿಲ್ಲುತ್ತದೆ. ಕೋಳಿ ತಲೆ ಕೊಡವಿ, ಕೊಕ್ಕು ಆಡಿಸಿ, ನುಂಗುತ್ತದೆ. ಇನ್ನೊಂದು ಹನಿ. ಮತ್ತೊಂದು. ಗೊರಗೊರ ಇಲ್ಲ. ಟೈಲರ್ ಈಗಷ್ಟೇ ಉಸಿರು ಬಿಡುತ್ತಾರೆ.

ಬಾಗಿಲಲ್ಲಿ ನಿಂತ ಹೆಂಡತಿ ಚೀಲ ಹೆಗಲಿಗೇರಿಸಿ, ಗಂಡನತ್ತ ತಿರುಗಿ, ನಿನ್ನೆಯಿಂದ ಕಟ್ಟಿಟ್ಟ ಬಾಯಿ ಬಿಡುತ್ತಾರೆ.

“ಸಂಜೇದೂ ನೀವೇ ಹಾಕ್ಬಿಡಿ.”

ನಾಳೆಯೂ ಬನ್ನಿ ಎಂದು ಟೈಲರ್ ಕೇಳಿಕೊಂಡರೆ ಹನಿಯಕ್ಕ ತಲೆ ಅಲ್ಲಾಡಿಸುತ್ತಾರೆ. ಕೋಳಿಯನ್ನು ಬಿಡಿಸಿ, ಟವೆಲ್ ಅವರ ಹೆಗಲಿಗೇ ಹಾಕಿ ಚಪ್ಪಲಿ ಮೆಟ್ಟುತ್ತಾರೆ.

“ನಾನು ಕಲಿಸಿ ಬಂದ ಮನೆಯಿಂದ ಮತ್ತೆ ಫೋನ್ ಬರ್ಬಾರ್ದು. ನನಗಿರೋ ಆಸೆ ಅಷ್ಟೇ.”