ಕಿಟಕಿಯಿಂದ ಎಸೆದ ಚೀಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೆಳಿಗ್ಗೆ ಬಸ್ಸಿಗೆ ಕಾಯುವಾಗಂತೂ ಮುಷ್ಟಿ ತಾನಾಗಿ ಬಿಗಿಯುತ್ತದೆ. ತೀರ್ಥಹಳ್ಳಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವುದು ನನ್ನ ಕೆಲಸ. ಒಂಬತ್ತಕ್ಕೆ ಹಾಜರಿ ಯಂತ್ರಕ್ಕೆ ಬೆರಳೊತ್ತಬೇಕು. ಆ ತಿಂಗಳು ಎರಡು ಸಲ ತಡವಾಗಿತ್ತು; ಮೂರನೆಯದಾದರೆ ಬರುವುದೇ ಬೇಡ ಎಂದಿದ್ದರು.

ಮೇಳಿಗೆಯ ನಮ್ಮ ಸ್ಟಾಪಿಗೆ ಎಂಟಕ್ಕೊಂದು, ಎಂಟೂವರೆಗೊಂದು ಬಸ್ಸು. ಅಂದು ಎಂಟರದ್ದು ಕೈಕೊಟ್ಟಿತು. ಎರಡು ಬಸ್ಸಿನ ಜನ ಒಂದೇ ಬಸ್ಸಿಗೆ ಮುಗಿಬಿದ್ದೆವು. ಮೊಣಕೈ, ಕೊಡೆಯ ಮೊನೆ, ಬೈಗುಳ. ಯಾರೋ ನನ್ನ ಪಾದ ತುಳಿದರು, ನಾನು ಇನ್ಯಾರದ್ದೋ ಬೆನ್ನಿಗೆ ಗುದ್ದಿದೆ. ಕಂಡಕ್ಟರ್ ಬಾಗಿಲಲ್ಲೇ ನಿಂತು ಕೂಗಿದ: “ಇವತ್ತು ಇಪ್ಪತ್ತೈದು! ಬೇಡಾಂದ್ರೆ ನಡ್ಕಂಡ್ ಹೋಗಿ.” ದಿನವೂ ಹದಿನೈದು. ರಶ್ಶಾದ ದಿನ ದರ ಏರುತ್ತದೆ, ಟಿಕೆಟ್ಟೂ ಹರಿಯುವುದಿಲ್ಲ.

ನಮ್ಮಲ್ಲಿ ಕಿಟಕಿಯಿಂದ ಯಾರ ಚೀಲ ಮೊದಲು ಒಳಗೆ ಬೀಳುತ್ತದೋ ಸೀಟು ಅವರದ್ದು. ನಾನೂ ಎಸೆದೆ. ಊಟದ ಡಬ್ಬಿ, ಮೊಬೈಲು, ಪರ್ಸು ಎಲ್ಲಾ ಅದರಲ್ಲೇ. ಅಷ್ಟರಲ್ಲಿ ಕಂಡಕ್ಟರ್ “ರೈಟ್” ಅಂದುಬಿಟ್ಟ. ಬಸ್ಸು ಮೆಲ್ಲಗೆ ಉರುಳಿತು. ಚೀಲ ಒಳಗೆ, ನಾನು ಕೆಳಗೆ. ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ಒಂದೇ ಕಾಲಿಟ್ಟು ಜೋತುಬಿದ್ದಿದ್ದಳು. ಹಿಂದಿನಿಂದ ಅವಳ ಜಡೆಗೆ ಕೈಹಾಕಿ ಎಳೆದು, ಆ ಜಾಗಕ್ಕೆ ನಾನು ಹಾರಿದೆ. ಅವಳು ಜಲ್ಲಿಯ ಮೇಲೆ ಬಿದ್ದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ಒಳಗೆ ನನ್ನ ಸೀಟನ್ನು ಯಾರೂ ಮುಟ್ಟಿರಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಬೆರಳೊತ್ತಿದೆ.

ಹತ್ತು ಗಂಟೆಗೆ ಅವಳೇ ನನ್ನ ಮೇಜಿನೆದುರು ಬಂದು ನಿಂತಳು. ಮುಂಗೈ ಊದಿತ್ತು, ಗಲ್ಲದಲ್ಲಿ ರಕ್ತ.

“ಹೆಂಗಾಯ್ತು?” ಚೀಟಿಯನ್ನೇ ನೋಡುತ್ತಾ ಕೇಳಿದೆ.

“ಹಿಂದಿಂದ ಯಾರೋ ಎಳ್ದು ಬೀಳಿಸಿದ್ರು ಅಕ್ಕಾ. ಮುಖ ಕಾಣ್ಲಿಲ್ಲ. ಆಟೋದವ್ನು ಇನ್ನೂರು ಕಿತ್ಕಂಡ. ಜವಳಿ ಅಂಗಡಿ ಕೆಲ್ಸಕ್ಕೆ ಇವತ್ತೇ ಮೊದಲ್ನೇ ದಿನ ಆಗಿತ್ತು.” ಆಮೇಲೆ ಕೇಳಿದಳು, “ನೀವು ಎಲ್ಲಿಂದ ಬರ್ತೀರಿ?”

“ಇಲ್ಲೇ, ಪೇಟೇಲೇ ಮನೆ,” ಅಂದೆ. ನಾಚಿಕೆಯಾಯಿತು, ನಿಜ. ಆದರೆ ನನ್ನ ಕೆಲಸ ಉಳಿಯಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ಮರುದಿನ ಸ್ಟಾಪಿನಲ್ಲಿ ಅವಳಿದ್ದಳು, ಕೈಗೆ ಪಟ್ಟಿ ಕಟ್ಟಿಕೊಂಡು. ನನ್ನನ್ನು ನೋಡಿದಳು, ನನ್ನ ಚೀಲ ನೋಡಿದಳು. ಬಸ್ಸು ಬಂತು, ಜನ ನುಗ್ಗಿದರು. ಅವಳು ಮಾತ್ರ ಬದಿಗೆ ಸರಿದು ನಿಂತಳು.

“ನೀವು ಮೊದ್ಲು ಹತ್ತಿ ಅಕ್ಕಾ,” ಅಂದಳು. “ನೀವು ಹಿಂದಿದ್ರೆ ನಂಗೆ ಹೆದ್ರಿಕೆ.”