ದುಬೈಯಲ್ಲಿ ನಮ್ಮವರು ಯಾರೂ ಇಲ್ಲ

ಮೇ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ ಭಟ್ಕಳದ ಬಸ್ಸು ಕುಮಟಾ ನಿಲ್ದಾಣ ಬಿಟ್ಟಿತು. ದೂರ ಅರವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ದಾರಿ ಸರಿಯಿದ್ದರೆ ಹನ್ನೊಂದೂವರೆಗೆ ಇಳಿಯಬಹುದು. ನನ್ನ ಬ್ಯಾಗಿನಲ್ಲಿ ತಾಯಿಯ ಪಾಸ್‌ಪೋರ್ಟ್, ಅದರ ಎರಡು ಪ್ರತಿ ಮತ್ತು ಒಂದು ಬಾಟಲಿ ನೀರು ಇದ್ದವು. ಭಟ್ಕಳದ ಏಜೆಂಟರೊಬ್ಬರು ಹ್ಯಾಂಬರ್ಗಿಗೆ ಹೋಗಿ ಬರುವ ಒಂದು ಟಿಕೆಟನ್ನು ನಮಗಾಗಿ ಹಿಡಿದಿಟ್ಟಿದ್ದರು. ಮಧ್ಯಾಹ್ನ ಮೂರರೊಳಗೆ ಹಣ ಕಟ್ಟದಿದ್ದರೆ ಅದು ಕೈಬಿಡುತ್ತಿತ್ತು.

ಟಿಕೆಟ್ ನನಗಲ್ಲ, ತಾಯಿಗೆ. ನಾವು ಅವಳನ್ನು ಆಯಿ ಎನ್ನುತ್ತೇವೆ. ಅಕ್ಕ ಜರ್ಮನಿಯ ಹ್ಯಾಂಬರ್ಗಿನಲ್ಲಿ ನರ್ಸ್. ಜೂನ್ ಮೂರನೇ ವಾರ ಅವಳ ಹೆರಿಗೆ. ಎರಡು ವರ್ಷದ ಹಿಂದೆಯೂ ಆಯಿ ಹೋಗಬೇಕಿತ್ತು. ಏಳನೇ ತಿಂಗಳಿಗೇ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದರು. ಆಯಿಯ ವೀಸಾ ಆಗಲೇ ಕೈಯಲ್ಲಿತ್ತು. ಆದರೆ ಆ ಹೊತ್ತಿನ ದರ ಲಕ್ಷ ದಾಟಿತ್ತು. 'ಎರಡು ದಿನ ಕಾಯೋಣ, ಇಳಿಯುತ್ತದೆ' ಎಂದವಳು ನಾನು. ಮೂರನೆಯ ದಿನ ದರ ಇಳಿಯಿತು. ಅಷ್ಟರಲ್ಲಿ ಮಗು ಉಳಿದಿರಲಿಲ್ಲ. ಆಯಿ ಹೋಗಲಿಲ್ಲ. ಅಕ್ಕ ಮತ್ತು ಭಾವ ಇಬ್ಬರೇ ಆಸ್ಪತ್ರೆಯಿಂದ ಮನೆಗೆ ಹೋದರು. ಆ ಎರಡು ದಿನದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ.

ಈ ಸಲ ನಾನು ಮೂರು ವಾರ ಮೊದಲೇ ಹುಡುಕಲು ಕೂತೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳಾದ್ದರಿಂದ ಪಟ್ಟಿ ಮಾಡುವುದು ಅಭ್ಯಾಸ. ಕೆಲವು ಸಂಗತಿ ಬೇಗ ತಿಳಿದವು. ಹೋಗುವುದಕ್ಕೊಂದು, ಬರುವುದಕ್ಕೊಂದು ಬೇರೆ ಬೇರೆ ಟಿಕೆಟ್ ತೆಗೆಯುವುದಕ್ಕಿಂತ ಹೋಗಿ ಬರುವ ಟಿಕೆಟ್ಟೇ ಅಗ್ಗ, ಎಷ್ಟೋ ಸಲ ಒಂದು ಬದಿಯದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ವಾರದ ನಡುವೆ ಹೊರಟರೆ ಶನಿವಾರಕ್ಕಿಂತ ಐದಾರು ಸಾವಿರ ಕಡಿಮೆ. ಜರ್ಮನಿಯ ಶಾಲೆಗಳಿಗೆ ರಜೆ ಶುರುವಾದರೆ ಮರಳುವ ದರ ಏರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದರೂ ನನ್ನ ಫೋನಿನಲ್ಲಿ ಸಿಕ್ಕ ಕನಿಷ್ಠ ದರ ಎಪ್ಪತ್ತೊಂದು ಸಾವಿರ. ಕೊನೆಗೆ ಆಯಿಯೇ ಹೇಳಿದಳು, "ವಿಮಾನದ ಟಿಕೆಟ್ ಅಂದ್ರೆ ಭಟ್ಕಳ. ಅಲ್ಲಿ ಮನೆಗೊಬ್ರು ಹೊರದೇಶದಲ್ಲಿ ಇರ್ತ್ರು. ಅವ್ರಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರ್ತದೆ?"

ಮುಜಮ್ಮಿಲ್ ಎಂಬ ಏಜೆಂಟರ ನಂಬರ್ ಸಹೋದ್ಯೋಗಿಯೊಬ್ಬರು ಕೊಟ್ಟರು. ಗುರುವಾರ ಸಂಜೆ ಫೋನ್ ಮಾಡಿ ಹೇಳಬೇಕಾದಷ್ಟನ್ನೇ ಹೇಳಿದೆ. ಒಬ್ಬರು, ಹ್ಯಾಂಬರ್ಗ್, ಜೂನ್ ಒಂಬತ್ತಕ್ಕೆ ಹೋಗಿ ಜುಲೈ ಇಪ್ಪತ್ತಕ್ಕೆ ಬರಬೇಕು. ಯಾರು, ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು: ನಲವತ್ತಾರು ಸಾವಿರದ ಎಂಟುನೂರು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಕಳಿಸಿದೆ, ಆದರೆ ಮುಖ ನೋಡದವರಿಗೆ ಅಷ್ಟು ಹಣ ಕಳಿಸಲು ಮನಸ್ಸಾಗದೆ ಮರುದಿನ ನಾವೇ ಹೋಗುವುದೆಂದಾಯಿತು.

ಆಯಿ ಹಳದೀಪುರದಲ್ಲಿ ಬಸ್ಸು ಹತ್ತಿದಳು. ಅಲ್ಲಿನ ಅಂಗನವಾಡಿಯಲ್ಲಿ ಅವಳಿಗೆ ಕೆಲಸ. ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ಬಂದಿದ್ದಳು. ಕಂಡಕ್ಟರ್ ಅವಳಿಗೆ ಪರಿಚಯದವರೇ.

"ಎಲ್ಲಿಗೆ ಹೊಂಟ್ರಿ ಅಕ್ಕೋರೆ?"

"ಭಟ್ಕಳಕ್ಕೆ. ಜರ್ಮನಿ ಟಿಕೆಟ್ ತೆಗೂಕೆ."

ಅವರು ಆಧಾರ್ ನೋಡಿ ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟರು. "ಅಲ್ಲೂ ಈ ಆಧಾರ್ ಕಾರ್ಡ್ ತೋರ್ಸಿ ನೋಡಿ. ನಡೀತದೋ ಏನೋ."

"ನಡೆದ್ರೆ ನಿಮ್ಮನ್ನೂ ಕರ್ಕಂಡು ಹೋಗ್ತೆ. ಅಲ್ಲಿ ಬಸ್ಸಲ್ಲಿ ಕಂಡಕ್ಟರೇ ಇಲ್ವಂತೆ."

ಹಿಂದಿನ ಸೀಟಿನವರು ನಕ್ಕರು. ಆಯಿ ಬಸ್ಸಿಗೆಲ್ಲ ಸುದ್ದಿ ಹೇಳುವುದು ನನಗೆ ಇಷ್ಟವಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

ಹೊನ್ನಾವರ ನಿಲ್ದಾಣದಿಂದ ಹೊರಬಿದ್ದು ಶರಾವತಿ ಸೇತುವೆಯ ಕಡೆ ತಿರುಗುತ್ತಲೇ ಬಸ್ಸು ನಿಂತಿತು. ಸೇತುವೆಯ ಮೇಲೆ ಸಿಮೆಂಟ್ ಪೈಪ್ ತುಂಬಿದ ಲಾರಿಯ ಆಕ್ಸಲ್ ಮುರಿದಿದೆ ಎಂದರು. ಮುಂದೆಯೂ ಹಿಂದೆಯೂ ವಾಹನಗಳು. ಗಾಳಿ ಇಲ್ಲ. ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟುತ್ತಿತ್ತು. ಮಾವಿನಹಣ್ಣು ಮಾರುವ ಹೆಂಗಸು ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಬಂದಳು. ಆಯಿ ನಾಲ್ಕು ಇಶಾಡು ಹಣ್ಣು ಆರಿಸಿದಳು, ಚೌಕಾಶಿ ಮಾಡಿ ಐದು ಮಾಡಿಸಿಕೊಂಡಳು.

ಹನ್ನೊಂದು ಇಪ್ಪತ್ತಕ್ಕೆ ಫೋನಿಗೆ ಏಜೆಂಟರು ಕಳಿಸಿದ ಟಿಕೆಟಿನ ಪ್ರತಿ ಬಂತು. ಮಂಗಳೂರಿನಿಂದ ದುಬೈ. ಅಲ್ಲಿ ಆರು ಗಂಟೆ ಬಿಡುವು. ದುಬೈಯಿಂದ ಹ್ಯಾಂಬರ್ಗ್. ತಾರೀಕು ಸರಿ, ಹೆಸರು ಸರಿ, ಪಾಸ್‌ಪೋರ್ಟ್ ಸಂಖ್ಯೆ ಸರಿ. ಮತ್ತೊಮ್ಮೆ ನೋಡುವಾಗ ಬುಕಿಂಗ್ ಸಂಖ್ಯೆಯ ಹತ್ತಿರ ಕಣ್ಣು ನಿಂತಿತು. ಮಂಗಳೂರು–ದುಬೈಗೆ ಒಂದು ಸಂಖ್ಯೆ. ದುಬೈ–ಹ್ಯಾಂಬರ್ಗಿಗೆ ಇನ್ನೊಂದು.

ಇದರ ಅರ್ಥ ಮೂರು ವಾರದಲ್ಲಿ ನಾನು ಕಲಿತಿದ್ದೆ. ಒಂದೇ ಸಂಖ್ಯೆಯಿದ್ದರೆ ಪ್ರಯಾಣ ಒಂದೇ. ಮಂಗಳೂರಿನಲ್ಲಿ ಕೊಟ್ಟ ಪೆಟ್ಟಿಗೆ ತಾನಾಗಿ ಹ್ಯಾಂಬರ್ಗ್ ಸೇರುತ್ತದೆ, ಪ್ರಯಾಣಿಕರು ನಿಲ್ದಾಣದ ಒಳಗೇ ವಿಮಾನ ಬದಲಿಸುತ್ತಾರೆ. ಎರಡು ಸಂಖ್ಯೆಯಿದ್ದರೆ ಅವು ಪರಸ್ಪರ ಗುರುತಿಲ್ಲದ ಎರಡು ಟಿಕೆಟ್. ದುಬೈಯಲ್ಲಿ ಹೊರಗೆ ಬಂದು ಪೆಟ್ಟಿಗೆ ಎತ್ತಿಕೊಂಡು ಮತ್ತೆ ಹೊಸದಾಗಿ ಒಪ್ಪಿಸಬೇಕು. ಹೊರಗೆ ಬರಲು ಆ ದೇಶದ ವೀಸಾ ಬೇಕು. ಆಯಿಯ ಬಳಿ ಇದ್ದದ್ದು ಜರ್ಮನಿಯದು ಮಾತ್ರ. ಮೊದಲ ವಿಮಾನ ತಡವಾದರೆ ಎರಡನೆಯದು ಕಾಯುವುದೂ ಇಲ್ಲ. ಐವತ್ತೆಂಟು ವರ್ಷದ ಆಯಿ ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಇಂಗ್ಲಿಷ್ ಓದುತ್ತಾಳೆ, ಮಾತಾಡುವುದಿಲ್ಲ. ಹೆರಿಗೆಗೆ ವಾರವಿರುವಾಗ ದುಬೈಯ ಒಳಗೂ ಅಲ್ಲದೆ ಹೊರಗೂ ಅಲ್ಲದೆ ಕುರ್ಚಿಯೊಂದರಲ್ಲಿ ಕೂತಿರುವ ಅವಳನ್ನು ನೆನೆಸಿಕೊಂಡೆ.

ಏಜೆಂಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂದೇಶ ಕಳಿಸಿದೆ. ಅದನ್ನೂ ಅವರು ನೋಡಲಿಲ್ಲ.

"ಎಂತ ಆತು? ಮುಖ ಯಾಕೆ ಹಾಂಗೆ?" ಎಂದಳು ಆಯಿ.

"ಏನಿಲ್ಲ, ಸೆಕೆ."

"ಸೆಕೆಗೆ ಫೋನ್ ಯಾಕೆ ಬೈತೆ?"

ಫೋನನ್ನು ಬ್ಯಾಗಿಗೆ ಹಾಕಿದೆ. ಹೇಳಿದರೆ ಅವಳು ಎರಡರಲ್ಲಿ ಒಂದು ಮಾಡುತ್ತಿದ್ದಳು. ಹೋಗುವುದೇ ಬೇಡ ಎನ್ನುತ್ತಿದ್ದಳು, ಇಲ್ಲವೇ ಏನಾದರಾಗಲಿ ಹೋಗುತ್ತೇನೆ ಎನ್ನುತ್ತಿದ್ದಳು. ಯಾವುದನ್ನೂ ಆ ಹೊತ್ತಿಗೆ ಕೇಳಲು ನಾನು ಸಿದ್ಧಳಿರಲಿಲ್ಲ.

ಲಾರಿಯನ್ನು ಬದಿಗೆ ಎಳೆದು ಒಂದು ಸಾಲು ಬಿಡುವಾಗ ಹನ್ನೆರಡು ಗಂಟೆ. ಕಾಸರಕೋಡ, ಮಂಕಿ, ಶಿರಾಲಿ ದಾಟಿ ಭಟ್ಕಳದಲ್ಲಿ ಇಳಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಪೇಟೆಯ ಅಂಗಡಿಗಳ ಬಾಗಿಲು ಸಾಲಾಗಿ ಮುಚ್ಚಿದ್ದವು. ನಡುರಸ್ತೆಯಲ್ಲಿ ನಿಂತು ಆಯಿ ಹಣೆ ತಟ್ಟಿಕೊಂಡಳು.

"ಶುಕ್ರವಾರ ಅಲ್ವನೆ. ಜುಮ್ಮಾ. ಎರಡರ ತನಕ ಯಾರೂ ಸಿಗೂದಿಲ್ಲ."

ಭಟ್ಕಳದ ಶುಕ್ರವಾರ ಇಡೀ ಕರಾವಳಿಗೆ ಗೊತ್ತು. ಮೂರು ವಾರ ಮಂಗಳವಾರ, ಬುಧವಾರಗಳ ದರ ಹೋಲಿಸಿದ ನಾನು ಭಟ್ಕಳಕ್ಕೆ ಹೊರಡುವ ದಿನದ ವಾರವನ್ನೇ ನೋಡಿರಲಿಲ್ಲ. ಹತ್ತಿರದ ಹೋಟೆಲಿನಲ್ಲಿ ಊಟ ಮಾಡಿದೆವು. ಅನ್ನ, ಬಂಗಡೆ ಸಾರು, ಕೋಕಂ ಕಡಿ. ಇಬ್ಬರಿಗೆ ಇನ್ನೂರ ನಲವತ್ತು. ಆಯಿ ಎರಡು ಸಲ ಅನ್ನ ಹಾಕಿಸಿಕೊಂಡಳು. ನಾನು ಗಡಿಯಾರ ನೋಡಿದೆ.

ಏಜೆಂಟರ ಕಚೇರಿ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿತ್ತು. ಎರಡೂಕಾಲಿಗೆ ಮುಜಮ್ಮಿಲ್ ಬಂದು ಬೀಗ ತೆಗೆದರು. ನಲವತ್ತರ ಆಸುಪಾಸಿನ ಮನುಷ್ಯ, ಅತ್ತರಿನ ವಾಸನೆ. ಅವರ ಜೊತೆಗೇ ಮೆಟ್ಟಿಲು ಹತ್ತಿ ಬಂದ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸು ತಮ್ಮ ಮನೆಯೆಂಬಂತೆ ಫ್ಯಾನ್ ಹಾಕಿ ಕುಳಿತರು. ಅವರನ್ನು ಮುಜಮ್ಮಿಲ್ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದರು.

"ಮೇಡಂ, ಕಾಪಿ ನೋಡಿದ್ರಾ? ಎಲ್ಲ ಸರಿ ಉಂಟಲ್ಲ?"

"ಎರಡು ಪಿಎನ್‌ಆರ್ ಇದೆ" ಎಂದೆ.

"ಹೌದು, ಅದಕ್ಕೇ ಅಷ್ಟು ಕಮ್ಮಿ. ಎರಡೂ ಬೇರೆ ಬೇರೆ ಕಂಪನಿ. ದುಬೈಯಲ್ಲಿ ಆರು ಗಂಟೆ ಬೇಕಂತಲೇ ಇಟ್ಟಿದ್ದೇನೆ. ಇಳಿದು, ಮನೆಗೆ ಹೋಗಿ, ಸ್ನಾನ ಊಟ ಮುಗಿಸಿ ಹೋಗ್ಬಹುದು. ನಿಮ್ಮವರ ಮನೆ ಎಲ್ಲಿ, ದೇರಾದಲ್ಲಾ?"

"ದುಬೈಯಲ್ಲಿ ನಮ್ಮವರು ಯಾರೂ ಇಲ್ಲ."

ಅವರು ಕೀಬೋರ್ಡಿನಿಂದ ಕೈ ತೆಗೆದರು. "ಯಾರೂ ಇಲ್ವಾ? ಅಣ್ಣ, ಭಾವ, ಊರಿನವರು?"

"ಯಾರೂ ಇಲ್ಲ. ಹೋಗುವವರು ನಮ್ಮ ತಾಯಿ, ಒಬ್ಬರೇ. ಅಲ್ಲಿನ ವೀಸಾನೂ ಇಲ್ಲ."

"ಯಾ ಅಲ್ಲಾ" ಎಂದರು ಖಾಲಾ. "ನಾವು ಲಂಡನ್ನಿಗೆ ಹೋಗುವಾಗ ಹೀಗೇ ಹೋಗೋದು. ದುಬೈಲಿ ಮಗನ ಮನೆ ಬಿರಿಯಾನಿ ತಿಂದು. ನನ್ನ ಪಾಸ್‌ಪೋರ್ಟಲ್ಲಿ ಅಲ್ಲಿನ ವೀಸಾ ಯಾವಾಗಲೂ ಇರ್ತದೆ. ಈ ಬಡಪಾಯಿ ಎಲ್ಲಿಗೆ ಹೋಗ್ಬೇಕು?"

ಮುಜಮ್ಮಿಲ್ ನನ್ನ ಕಡೆ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಗಾಬರಿಯಾಗಿತ್ತು. "ಹದಿನಾಲ್ಕು ವರ್ಷ ಆಯ್ತು ಈ ಕೆಲಸ ಹಿಡಿದು. ದುಬೈಯಲ್ಲಿ ಯಾರೂ ಇಲ್ಲ ಅಂತ ಈ ಕುರ್ಚಿಯಲ್ಲಿ ಕೂತು ಯಾರೂ ಹೇಳಿಲ್ಲ. ನಾನು ಕೇಳಲೂ ಇಲ್ಲ. ನೀವಾದರೂ ತಾಯಿಗೆ ಅಂತ ಒಂದು ಮಾತು ಹೇಳಬಾರದಿತ್ತಾ?"

ಹೇಳಬಹುದಿತ್ತು.

ಆಯಿ ಇಷ್ಟು ಹೊತ್ತು ಒಬ್ಬೊಬ್ಬರ ಮುಖ ನೋಡುತ್ತಿದ್ದವಳು ನನ್ನತ್ತ ತಿರುಗಿದಳು. "ಬಸ್ಸಲ್ಲೇ ಗೊತ್ತಿತ್ತಾ ನಿಂಗೆ?"

"ಹೊನ್ನಾವರದಲ್ಲಿ ಗೊತ್ತಾಯ್ತು."

"ಮತ್ತೆ ಸೆಕೆ ಅಂದೆ."

ಗಂಟೆ ಎರಡೂವರೆ. ಮುಜಮ್ಮಿಲ್ ಹೊಸದಾಗಿ ಹುಡುಕತೊಡಗಿದರು. ಬೆಂಗಳೂರಿನಿಂದ ಅರವತ್ತೆಂಟು ಸಾವಿರ. ಮುಂಬೈಯಿಂದ ಕಡಿಮೆ, ಆದರೆ ದಾರಿಯಲ್ಲಿ ಹತ್ತೊಂಬತ್ತು ಗಂಟೆ ಕಾಯಬೇಕು. ಗೋವಾದಿಂದ ದೋಹಾ ಮೇಲೆ ಹ್ಯಾಂಬರ್ಗ್, ಒಂದೇ ಸಂಖ್ಯೆ, ಪೆಟ್ಟಿಗೆ ನೇರ ಹೋಗುತ್ತದೆ, ದೋಹಾದಲ್ಲಿ ಎರಡೂವರೆ ಗಂಟೆ. ಹೋಗಿ ಬರಲು ಅರವತ್ತು ಸಾವಿರದ ಇನ್ನೂರು. ಗೋವಾಕ್ಕೆ ಕುಮಟಾದಿಂದಲೇ ರೈಲಿದೆ. ಆ ದರದಲ್ಲಿ ಎರಡು ಸೀಟು ಉಳಿದಿದ್ದವು.

"ಅಮ್ಮನಿಗೆ ವೀಲ್‌ಚೇರ್ ಹಾಕ್ತೇನೆ. ದುಡ್ಡಿಲ್ಲ ಅದಕ್ಕೆ."

"ನಂಗೆ ಕಾಲು ಸಮಾ ಇದೆ" ಎಂದಳು ಆಯಿ.

"ಕಾಲಿಗಲ್ಲಮ್ಮಾ, ದಾರಿಗೆ. ಒಬ್ಬ ಬಂದು ತಳ್ಳಿಕೊಂಡು ಇನ್ನೊಂದು ವಿಮಾನದ ಬಾಗಿಲಿಗೆ ಬಿಡ್ತಾನೆ. ನಮ್ಮ ಊರಿನ ಅಮ್ಮಂದಿರೆಲ್ಲ ಹಾಗೇ ಹೋಗೋದು."

"ನಾನು ಮನೆಯಲ್ಲಿ ಮೂರು ಮಾಳಿಗೆ ಹತ್ತಿ ಇಳೀತೇನೆ" ಎಂದರು ಖಾಲಾ. "ಏರ್‌ಪೋರ್ಟಲ್ಲಿ ಮಾತ್ರ ಕಾಲು ನೋವು."

ಆಯಿಗೆ ನಗು ತಡೆಯಲಾಗಲಿಲ್ಲ. "ಆತು, ಹಾಕಿ" ಎಂದಳು.

ಆಮೇಲೆ ಮುಜಮ್ಮಿಲ್ ದನಿ ತಗ್ಗಿಸಿ ನನಗೆ ಹೇಳಿದರು, "ಮೇಡಂ, ನಿಜ ಹೇಳ್ಬೇಕಂದ್ರೆ ಇದು ಇಳಿಯುವ ಲಕ್ಷಣ ಉಂಟು. ಮಂಗಳವಾರದ ತನಕ ಕಾದ್ರೆ ಐವತ್ತೆರಡು, ಐವತ್ಮೂರಕ್ಕೆ ಸಿಗಬಹುದು. ನಿಮ್ಮ ಹಣ, ನೀವು ಹೇಳಿ."

ನನ್ನ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ಮೂರು ವಾರದಲ್ಲಿ ಮೂರು ಮಂಗಳವಾರವೂ ದರ ಇಳಿದಿತ್ತು. ಯಾರಾದರೂ ವಿದ್ಯಾರ್ಥಿ ಕೇಳಿದ್ದರೆ ಕಾಯುವುದೇ ಸರಿ ಎಂದು ಕಾರಣ ಸಹಿತ ಹೇಳುತ್ತಿದ್ದೆ. ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪರದೆಯ ಮೇಲೆ ಕಣ್ಣಿಟ್ಟಿದ್ದಳು. ಮುಜಮ್ಮಿಲ್ ಪುಟವನ್ನು ಮತ್ತೊಮ್ಮೆ ತೆರೆದರು. ಎರಡಿದ್ದ ಸೀಟು ಒಂದಾಗಿತ್ತು.

"ಕಾಯುವುದಿಲ್ಲ. ಈಗಲೇ ಮಾಡಿ" ಎಂದೆ.

ಹಣ ನನ್ನ ಫೋನಿನಿಂದ ಹೋಯಿತು. ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು. ಖಾಲಾ ತುಟಿ ಅಲ್ಲಾಡಿಸುತ್ತ ಏನೋ ಹೇಳಿಕೊಳ್ಳುತ್ತಿದ್ದರು. ನಾಲ್ಕು ನಿಮಿಷ ಹಾಗೆ ಕೂತೆವು. ಕೊನೆಗೆ ಮೂಲೆಯ ಯಂತ್ರ ಕಾಗದ ಹೊರಹಾಕಿತು. ಮೊದಲು ಸಂಖ್ಯೆ ನೋಡಿದೆ. ಒಂದೇ ಇತ್ತು.

ಹಳೆಯ ಟಿಕೆಟನ್ನು ಮುಜಮ್ಮಿಲ್ ಬಿಟ್ಟುಕೊಟ್ಟರು. ಮೂರಕ್ಕೆ ಇನ್ನೂ ಐದು ನಿಮಿಷವಿತ್ತು. ಅವರು ತಮ್ಮ ಕಮಿಷನ್ ಬೇಡ ಎಂದರು. ಆಯಿ ಕೇಳಲಿಲ್ಲ, ಆ ಹಣವನ್ನು ಮೇಜಿನ ಮೇಲಿಟ್ಟು ಎರಡು ಮಾವಿನಹಣ್ಣನ್ನೂ ಇಟ್ಟಳು. ಮಗಳ ಹೆರಿಗೆಯ ಸುದ್ದಿ ಹೇಳುತ್ತ ಇನ್ನೊಂದನ್ನು ಖಾಲಾಗೆ ಕೊಟ್ಟಳು.

"ಮೊಮ್ಮಗು ಹುಟ್ಟಿದ್ರೆ ಇವನಿಗೆ ಫೋನ್ ಮಾಡಿ ಹೇಳಿ" ಎಂದರು ಖಾಲಾ. "ಇವನು ನಂಗೆ ಹೇಳ್ತಾನೆ."

ನಾಲ್ಕೂಕಾಲಿನ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಪಶ್ಚಿಮಕ್ಕೆ ಮೋಡ ಕಟ್ಟಿತ್ತು, ಮಳೆ ಬರಲಿಲ್ಲ. ಅಕ್ಕನಿಗೆ ಟಿಕೆಟಿನ ಚಿತ್ರ ಕಳಿಸಿದೆ. ಅವಳಿಂದ ಒಂದೇ ಸಾಲು ಬಂತು: 'ಆಯಿ ನಿಜವಾಗಿ ಬರ್ತಾಳಾ?' ನಾನು ಅದನ್ನು ಆಯಿಗೆ ಓದಿ ಹೇಳಿದೆ.

ಆಯಿ ಕಾಗದವನ್ನು ಮಡಿಸಿ ಬ್ಲೌಸಿನ ಒಳಗೆ ಇಟ್ಟುಕೊಂಡಳು. ಮಂಕಿ ದಾಟಿದ ಮೇಲೆ, ಎದುರಿನ ಸೀಟಿನ ಕಂಬಿ ಹಿಡಿದುಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ಆವತ್ತು ನೀ ಕಾಯ್ವಾ ಅಂದಿದ್ಕೆ ಅಲ್ಲ ನಾ ಹೋಗದೆ ಇದ್ದದ್ದು."

ನಾನು ಅವಳ ಕಡೆ ತಿರುಗಿದೆ.

"ನಂಗೆ ಹೆದರಿಕೆ ಆಗಿತ್ತು. ಒಬ್ಳೇ ಹೆಂಗೆ ಹೋಗೂದು ಅಂತ. ನೀ ಎರಡು ದಿನ ಕಾಯ್ವಾ ಅಂದ ಕೂಡ್ಲೆ ಉಸಿರು ಬಂದಾಂಗೆ ಆತು. ನಂಗೆ ಅದು ಬೇಕಾಗಿತ್ತು." ಆಮೇಲೆ ಸೇರಿಸಿದಳು, "ನಿನ್ ಮೇಲೆ ಹಾಕಿ ಸುಮ್ಮನೆ ಕೂತೆ. ಎರಡು ವರ್ಷ."

ಬಸ್ಸು ಕಾಸರಕೋಡಿನ ನಿಲುಗಡೆಯಲ್ಲಿ ನಿಂತು ಹೊರಟಿತು. ಲಾರಿಯನ್ನು ತೆಗೆದಿದ್ದರು. ಸೇತುವೆ ಖಾಲಿಯಿತ್ತು. ಶರಾವತಿಯ ಮೇಲಿನ ಗಾಳಿ ಎಲ್ಲ ಕಿಟಕಿಗಳಿಂದ ಒಮ್ಮೆಲೇ ಒಳಗೆ ನುಗ್ಗಿತು.

"ಈಗ?" ಎಂದು ಕೇಳಿದೆ.

"ಈಗ್ಲೂ ಇದೆ ಹೆದರಿಕೆ" ಎಂದಳು ಆಯಿ. "ಟಿಕೆಟ್ ಆತಲೆ. ಇನ್ನೆಂತ ಮಾಡೂದು, ಹೋಗೂದೆ."